ಓತಿಗೆ ಬೇಲಿ ಸಾಕ್ಷಿ

— ಮಾವ, ಬೇಲಿಗೂಟದ ಮೇಲೆ ನೋಡಿ. ಕೈ ಎತ್ತಬೇಡಿ, ಓಡಿಹೋಗುತ್ತೆ.

— ಓತಿಕೇತ ತಾನೇ? ನಲವತ್ತು ವರ್ಷದಿಂದ ಆ ಗೂಟ ಅದರದ್ದೇ. ಅದರದ್ದಲ್ಲದಿದ್ದರೆ ಅದರ ಮೊಮ್ಮಗನದು. ನಾನು ಏನು ಹೇಳಿದರೂ ತಲೆ ಆಡಿಸುತ್ತೆ. ನನ್ನ ಕಕ್ಷಿದಾರರಲ್ಲಿ ಇಷ್ಟು ಒಳ್ಳೆಯವರು ಒಬ್ಬರೂ ಇರಲಿಲ್ಲ.

— ಈಗ ಈ ಫೋಟೊ ನೋಡಿ. ಹೋದ ತಿಂಗಳು ವೆಲಿಂಗ್ಟನ್‌ನಲ್ಲಿ ತೆಗೆದದ್ದು.

— ಇದೂ ಓತಿನೇ. ಸ್ವಲ್ಪ ಕೊಬ್ಬಿದೆ, ಅಷ್ಟೆ. ಅಷ್ಟು ದುಡ್ಡು ಸುರಿದು ನ್ಯೂಜಿಲೆಂಡಿಗೆ ಹೋಗಿ ಓತಿ ಫೋಟೊ ತಂದೆಯಾ?

— ಓತಿ ಅಲ್ಲ ಮಾವ. ಹಲ್ಲಿಯೂ ಅಲ್ಲ, ಉಡವೂ ಅಲ್ಲ. ಟುವಾಟಾರ ಅಂತ. ಬೆನ್ನ ಮೇಲೆ ಮುಳ್ಳಿರೋದು ಅಂತ ಮಾವೋರಿ ಭಾಷೆಯಲ್ಲಿ ಅರ್ಥ. ನೀವು ಈಗ ಮಾಡಿದ ತಪ್ಪನ್ನೇ 1831ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ಜಾನ್ ಎಡ್ವರ್ಡ್ ಗ್ರೇ ಮಾಡಿದ್ದ. ಅವನ ಮುಂದಿದ್ದದ್ದು ಒಂದು ತಲೆಬುರುಡೆ. ನಮ್ಮ ಓತಿಯ ಬಳಗಕ್ಕೇ ಸೇರಿಸಿ ಸ್ಫೆನೊಡಾನ್ ಅಂತ ಹೆಸರಿಟ್ಟ. ಹನ್ನೊಂದು ವರ್ಷ ಆದಮೇಲೆ ಇಡೀ ಪ್ರಾಣಿ ಕೈಗೆ ಬಂತು. ಆ ಬುರುಡೆ ಇದರದ್ದೇ ಅಂತ ಹೊಳೆಯದೆ ಇದಕ್ಕೆ ಇನ್ನೊಂದು ಹೆಸರಿಟ್ಟ.

— ಒಂದೇ ಆಸಾಮಿಗೆ ಎರಡು ಖಾತೆ. ತಾಲ್ಲೂಕು ಕಚೇರಿಯಲ್ಲಿ ದಿನಾ ಆಗೋದೇ.

— ಸರಿಮಾಡಿದ್ದು 1867ರಲ್ಲಿ, ಅದೇ ಮ್ಯೂಸಿಯಮ್ಮಿನ ಆಲ್ಬರ್ಟ್ ಗುಂಟರ್. ಮೂಳೆ ಮೂಳೆ ಬಿಡಿಸಿ ನೋಡಿ, ಇದು ಹಲ್ಲಿಗಳ ಪೈಕಿಯೇ ಅಲ್ಲ, ಬೇರೆಯದೇ ಗಣ ಅಂದ. ಅದಕ್ಕೆ ರಿಂಕೊಸೆಫಾಲಿಯ ಅಂತ ಹೆಸರು. ಕೊಕ್ಕುತಲೆಯವು ಅಂದುಕೊಳ್ಳಿ. ಇವತ್ತು ಹಲ್ಲಿ ಹಾವುಗಳ ಗಣದಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕಿ ಜಾತಿಗಳಿವೆ. ಕೊಕ್ಕುತಲೆಗಳಲ್ಲಿ ಉಳಿದಿರೋದು ಇದೊಂದೇ ಜಾತಿ, ಅದೂ ನ್ಯೂಜಿಲೆಂಡಿನಲ್ಲಿ ಮಾತ್ರ. ಎರಡು ಕವಲಿಗೂ ಮೂಲಪುರುಷ ಒಬ್ಬನೇ. ಬೇರೆಯಾಗಿ ಸುಮಾರು 25 ಕೋಟಿ ವರ್ಷ ಆಯ್ತು.

— ದಾಯಾದಿಗಳು ಅನ್ನು. ಆದರೆ ನೋಡೋಕೆ ಅವಳಿಜವಳಿ ಥರ ಇವೆಯಲ್ಲ, ಬೇರೆ ಅನ್ನೋಕೆ ಗುರುತೇನು? ಮೂರನೇ ಕಣ್ಣು ಅಂತ ಏನೋ ಪೇಪರಿನಲ್ಲಿ ಓದಿದ ನೆನಪು.

— ಆ ಕಥೆಯನ್ನ ಎಲ್ಲರೂ ಹೇಳ್ತಾರೆ. ಕಣ್ಣು ಇರೋದೇನೋ ನಿಜ. ಮರಿಯ ನೆತ್ತಿ ಮೇಲೆ ಮಸುಕಾದ ಗಾಜಿನಂಥ ಚುಕ್ಕೆ ಕಾಣುತ್ತೆ, ಒಳಗೆ ಮಸೂರ, ಅಕ್ಷಿಪಟಲ ಎಲ್ಲ ಇದೆ. ಆರು ತಿಂಗಳೊಳಗೆ ಹುರುಪೆ ಬೆಳೆದು ಮುಚ್ಚಿಕೊಳ್ಳುತ್ತೆ. ಆದರೆ ಅದು ಗುರುತಾಗಲ್ಲ. ನಿಮ್ಮ ಬೇಲಿ ಮೇಲೆ ಕೂತಿರೋನ ನೆತ್ತಿಯಲ್ಲೂ ಅಂಥದೊಂದು ಇದೆ. ಬೇರೆ ಅಂತ ಸಾಬೀತು ಮಾಡಬೇಕಾದರೆ ಬಾಯಿ ತೆಗೆಸಬೇಕು.

— ಜಾತ್ರೆಯಲ್ಲಿ ಎತ್ತು ಕೊಳ್ಳೋ ಹಾಗೆ.

— ಹಾಗೇ. ಮೇಲಿನ ದವಡೆಯಲ್ಲಿ ಪಕ್ಕಪಕ್ಕಕ್ಕೆ ಎರಡು ಸಾಲು ಹಲ್ಲು, ಕೆಳಗೆ ಒಂದೇ ಸಾಲು. ಬಾಯಿ ಮುಚ್ಚಿದರೆ ಕೆಳಗಿನ ಸಾಲು ಮೇಲಿನ ಎರಡರ ಸಂದಿಗೆ ಸರಿಯಾಗಿ ಕೂರುತ್ತೆ. ಕೂತ ಮೇಲೆ ಕೆಳದವಡೆ ಮುಂದಕ್ಕೆ ಜಾರುತ್ತೆ, ಗರಗಸ ಎಳೆದ ಹಾಗೆ. ಕಡಲಹಕ್ಕಿಯ ಮರಿ ಸಿಕ್ಕಿದರೆ ಕತ್ತು ಹಾಗೇ ತುಂಡು. ಇನ್ನೊಂದು ವಿಷಯ, ಇದರ ಹಲ್ಲಿಗೆ ನಮ್ಮ ಹಾಗೆ ಗುಳಿ ಇಲ್ಲ. ದವಡೆ ಮೂಳೆಯ ಅಂಚಿಗೇ ಬೆಸೆದುಕೊಂಡಿರುತ್ತೆ. ಹಿಂದುಗಡೆ ಹೊಸ ಹಲ್ಲು ಸೇರಿಕೊಳ್ತಾ ಹೋಗುತ್ತೆ, ಮುಂದಿನದು ಸವೆಯುತ್ತಾ ಬರುತ್ತೆ. ಸವೆದದ್ದರ ಜಾಗಕ್ಕೆ ಇನ್ನೊಂದು ಬರೋದಿಲ್ಲ. ಮುದಿ ಟುವಾಟಾರದ ಬಾಯಲ್ಲಿ ಬರೀ ದವಡೆ ಮೂಳೆ ನುಣ್ಣಗೆ ಕಾಣುತ್ತೆ. ಆಗ ಎರೆಹುಳ, ಗೊಣ್ಣೆಹುಳ ಅಂತ ಮೆತ್ತಗಿರೋದನ್ನ ತಿಂದು ಕಾಲ ಹಾಕುತ್ತೆ.

— ಗಂಜಿ ಕುಡಿಯೋ ವಯಸ್ಸು. ಎಷ್ಟು ವರ್ಷ ಬದುಕುತ್ತೆ ಅದು?

— ನೂರು ದಾಟಿದವಿವೆ. ಇನ್ವರ್‌ಕಾರ್ಗಿಲ್ ಊರಿನ ಮ್ಯೂಸಿಯಮ್ಮಿನಲ್ಲಿ ಹೆನ್ರಿ ಅಂತ ಒಂದಿತ್ತು. 2009ರಲ್ಲಿ ಹನ್ನೊಂದು ಮರಿಗಳಿಗೆ ಅಪ್ಪ ಆಯ್ತು. ಆಗ ಅದಕ್ಕೆ 111 ವರ್ಷ ಅಂತ ಅಂದಾಜು.

— ಇದನ್ನ ನಿಮ್ಮ ಅತ್ತೆ ಎದುರಿಗೆ ಹೇಳಬೇಡ. ಅದಿರಲಿ, ನೀನು ಓದೋದು ಕಲ್ಲಿನ ಶಾಸ್ತ್ರ. ಬದುಕಿರೋ ಪ್ರಾಣಿಯ ಬಾಯಿ ಕಟ್ಟಿಕೊಂಡು ನಿನಗೇನಾಗಬೇಕು?

— ಕಲ್ಲಿನೊಳಗೆ ನಮಗೆ ಸಿಗೋದೇ ಆ ಬಾಯಿ. ಗೇಣುದ್ದದ ಪ್ರಾಣಿ ಸತ್ತರೆ ಪಕ್ಕೆಲುಬು, ಬೆರಳು ಎಲ್ಲ ಚೆಲ್ಲಾಪಿಲ್ಲಿ ಆಗುತ್ತೆ. ಹಲ್ಲು ಬೆಸೆದ ದವಡೆ ಮಾತ್ರ ಗಟ್ಟಿ, ಅದರ ತುಂಡು ಉಳಿಯುತ್ತೆ. ಉಗುರಿನಷ್ಟು ದೊಡ್ಡದು ಸಿಕ್ಕಿದರೆ ನಮ್ಮ ಪಾಲಿಗೆ ಹಬ್ಬ. ಬ್ರಿಸ್ಟಲ್ ಹತ್ತಿರ ಕ್ರಾಮ್‌ಹಾಲ್ ಅಂತ ಒಂದು ಸುಣ್ಣಕಲ್ಲಿನ ಕ್ವಾರಿ. ಆ ಕಲ್ಲು 30 ಕೋಟಿ ವರ್ಷಕ್ಕಿಂತ ಹಳೆಯದು. ಅದರ ಮೈ ತುಂಬ ನೀರು ಕೊರೆದ ಬಿರುಕು, ಗವಿ. 20 ಕೋಟಿ ವರ್ಷದಾಚೆ, ಟ್ರಯಾಸಿಕ್ ಕಾಲದ ಕೊನೆಗೆ, ಮಳೆ ಬಂದಾಗೆಲ್ಲ ಮೇಲಿನ ಮಣ್ಣು ಆ ಬಿರುಕಿಗೆ ಇಳೀತಿತ್ತು. ಮಣ್ಣಿನ ಜೊತೆ ಮೂಳೆ. ಅಲ್ಲಿಂದ ತೆಗೆದ ಒಂದು ಪ್ರಾಣಿಗೆ 1939ರಲ್ಲಿ ಕ್ಲೆವೊಸಾರಸ್ ಅಂತ ಹೆಸರಾಯ್ತು. ಗ್ಲಾಸ್ಟರ್ ಸೀಮೆಯ ಹಲ್ಲಿ ಅಂತ ಅರ್ಥ. ಹಲ್ಲಿ ಅಲ್ಲ, ಕೊಕ್ಕುತಲೆ. ದವಡೆಯ ಅಂಚಿಗೆ ಹಲ್ಲು ಬೆಸೆದ ರೀತಿ ನೋಡಿದರೆ ನ್ಯೂಜಿಲೆಂಡಿನದರ ನೆಂಟ ಅಂತ ತಕ್ಷಣ ಗೊತ್ತಾಗುತ್ತೆ.

— ಇಂಗ್ಲೆಂಡಿನಲ್ಲಿ ನೆಂಟ. ಭೂಪಟದಲ್ಲಿ ಆ ತುದಿ, ಈ ತುದಿ.

— ಅದೊಂದೇ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. 1990ರ ದಶಕದಲ್ಲಿ ಅದೇ ಕ್ಲೆವೊಸಾರಸ್ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಸಿಕ್ಕಿತು. ಚೀನಾದ ಯುನ್ನಾನ್‌ನಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕಿತು. 2006ರಲ್ಲಿ ಬ್ರೆಜಿಲ್ಲಿನ ದಕ್ಷಿಣ ತುದಿಯ ರಿಯೊ ಗ್ರಾಂಡೆ ಡೊ ಸುಲ್‌ನದಕ್ಕೆ ಹೆಸರಿಟ್ಟರು. ಇವೆಲ್ಲ ನಿಜವಾಗಿ ಒಂದೇ ಕುಲವೋ, ಹತ್ತಿರದ ಎರಡು ಮೂರು ಕುಲವೋ ಅಂತ ನಮ್ಮೊಳಗೆ ತಕರಾರಿದೆ. ಚೀನಾದ್ದರ ಮೇಲಂತೂ ಜಗಳವೇ ನಡೆದಿದೆ. ಆದರೆ ಗೇಣುದ್ದದ ಪ್ರಾಣಿಯ ಒಂದೇ ಬಳಗ ಇಷ್ಟು ಕಡೆ ಇತ್ತು ಅನ್ನೋದನ್ನ ಯಾರೂ ಅಲ್ಲಗಳೆಯಲ್ಲ.

— ಸಮುದ್ರ ಈಜಿತೇನು?

— ಈಜೋಕೆ ಸಮುದ್ರವೇ ಇರಲಿಲ್ಲ. ಆಗ ಭೂಮಿಯೆಲ್ಲ ಒಟ್ಟು ಕುಟುಂಬ. ಪ್ಯಾಂಜಿಯಾ ಅಂತ ಒಂದೇ ಜಮೀನು. ಹಿಸ್ಸೆ ಆದದ್ದು ಆಮೇಲೆ. ಮೊದಲು ಉತ್ತರದ ಪಾಲು, ದಕ್ಷಿಣದ ಪಾಲು ಬೇರೆಯಾದವು. ಆಮೇಲೆ ದಕ್ಷಿಣದ್ದೂ ಚೂರು ಚೂರಾಯ್ತು. ಮನೆ ಒಡೆಯೋ ಮೊದಲೇ ಈ ಪ್ರಾಣಿ ಎಲ್ಲ ಕೋಣೆಗಳಲ್ಲೂ ಓಡಾಡಿಕೊಂಡಿತ್ತು.

— ನಿಲ್ಲು. ಈಗ ನನ್ನ ಪಾಟೀಸವಾಲು. ಭೂಮಿ ಒಂದಾಗಿತ್ತು ಅನ್ನೋಕೆ ನಿನಗೇನು ಆಧಾರ?

— ಒಂದೇ ಥರದ ಪಳೆಯುಳಿಕೆ ಎಲ್ಲ ಖಂಡಗಳಲ್ಲೂ ಸಿಗುತ್ತಲ್ಲ.

— ಒಂದೇ ಥರದ ಪಳೆಯುಳಿಕೆ ಎಲ್ಲ ಕಡೆ ಸಿಗೋದು ಯಾಕೆ?

— ಭೂಮಿ ಒಂದಾಗಿತ್ತು, ಅದಕ್ಕೆ.

— ಓತಿಗೆ ಬೇಲಿ ಸಾಕ್ಷಿ, ಬೇಲಿಗೆ ಓತಿ ಸಾಕ್ಷಿ! ಇಷ್ಟು ಓದಿ ಬಂದು ಇಂಥ ದಾವೆ ಹೂಡ್ತೀಯ? ನಮ್ಮ ಮುನ್ಸೀಫರು ಮೊದಲ ವಾಯಿದೆಯಲ್ಲೇ ವಜಾ ಮಾಡ್ತಿದ್ದರು.

— ವಜಾ ಮಾಡಿದ್ದರು, ಮಾವ! ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಇದೇ ದಾವೆ ಹೂಡಿದ. ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಾ ಎರಡರಲ್ಲೂ ಸಿಗೋ ಮೆಸೊಸಾರಸ್ ಅನ್ನೋ ಸಣ್ಣ ಸರೀಸೃಪವನ್ನೂ ಸಾಕ್ಷಿ ಕಟಕಟೆಗೆ ತಂದ. ಹಿರಿಯರು ಒಪ್ಪಲಿಲ್ಲ. ಖಂಡ ಅಲುಗಾಡೋದು ಅಂದರೇನು, ಅದರ ಬದಲು ಖಂಡಗಳ ನಡುವೆ ಸೇತುವೆಯಂಥ ಭೂಮಿ ಇತ್ತು, ಅದು ಮುಳುಗಿತು ಅಂದರು. ಮುಳುಗಿದ ಸೇತುವೆಯನ್ನ ಯಾರೂ ನೋಡಿರಲಿಲ್ಲ.

— ಮತ್ತೆ ಇತ್ಯರ್ಥ ಆದದ್ದು ಹೇಗೆ?

— ಮೂರನೇ ಸಾಕ್ಷಿ ಬಂತು. ಅದಕ್ಕೆ ಓತಿಯ ಹಂಗೂ ಇಲ್ಲ, ಬೇಲಿಯ ಹಂಗೂ ಇಲ್ಲ. 1960ರ ದಶಕದಲ್ಲಿ ಸಮುದ್ರದ ತಳದ ಕಲ್ಲಿನ ಕಾಂತತ್ವ ಅಳೆದರು, ಅದರಿಂದ ಕಲ್ಲಿನ ವಯಸ್ಸಿನ ಲೆಕ್ಕ ಸಿಕ್ಕಿತು. ಅಟ್ಲಾಂಟಿಕ್ಕಿನ ಮಧ್ಯೆ ಉದ್ದಕ್ಕೆ ಒಂದು ದಿಣ್ಣೆ ಇದೆ. ಅಲ್ಲಿ ಕಲ್ಲು ಹೊಸದು. ದಿಣ್ಣೆಯಿಂದ ಈ ಕಡೆ ಹೋದರೂ ಆ ಕಡೆ ಹೋದರೂ ಕಲ್ಲಿನ ವಯಸ್ಸು ಒಂದೇ ಸಮನಾಗಿ ಏರುತ್ತೆ. ಅಂದರೆ ತಳ ನಡುವೆ ಬಿರಿದು ಎರಡೂ ಕಡೆಗೆ ಸರೀತಾ ಇದೆ. ಆ ಸಾಗರವನ್ನ ಹಿಂದಕ್ಕೆ ಮಡಿಸುತ್ತಾ ಹೋದರೆ ಆಫ್ರಿಕಾ ಅಮೆರಿಕ ತಾವಾಗೇ ಬಂದು ಕೂಡಿಕೊಳ್ಳುತ್ತವೆ. ಈಗಂತೂ ಉಪಗ್ರಹದಿಂದ ಖಂಡಗಳ ಚಲನೆಯನ್ನ ನೇರವಾಗಿ ಅಳೀತಾರೆ, ವರ್ಷಕ್ಕೆ ಕೆಲವು ಸೆಂಟಿಮೀಟರ್.

— ಸರ್ವೆಯವರ ನಕ್ಷೆ ಬಂದಮೇಲೆ ಬಾಯಿಸಾಕ್ಷಿಗೆ ಬೆಲೆ ಬಂತು. ಒಪ್ಪಿದೆ. ಮುಂದೆ?

— ಮುಂದೆ ನಮ್ಮ ಪಾಲು. ಭಾರತವೂ ಆ ದಕ್ಷಿಣದ ಹಿಸ್ಸೆಯಲ್ಲೇ ಇತ್ತಲ್ಲ. ಆ ಇಡೀ ದಕ್ಷಿಣಖಂಡಕ್ಕೆ ಗೊಂಡ್ವಾನಾ ಅಂತ ಹೆಸರು. ಗೊಂಡರ ನಾಡು. ಮಧ್ಯಭಾರತದ ಕಲ್ಲಿನ ಪದರಗಳಿಗೆ ಭೂವಿಜ್ಞಾನಿಗಳು 1870ರ ದಶಕದಲ್ಲಿ ಕೊಟ್ಟ ಹೆಸರು ಆಮೇಲೆ ಅರ್ಧ ಭೂಮಿಗೆ ಅಂಟಿಕೊಳ್ತು. ಅದೇ ಗೊಂಡರ ನಾಡಿನಲ್ಲಿ, ಗೋದಾವರಿ ಸೀಮೆಯಲ್ಲಿ, ಪೈಕಾಸಿಗೂಡೆಂ ಅಂತ ಒಂದು ಹಳ್ಳಿ. ಹಿಂದೆ ಆದಿಲಾಬಾದ್ ಜಿಲ್ಲೆ, ಈಗ ತೆಲಂಗಾಣದ ಕೊಮರಂ ಭೀಮ್ ಆಸಿಫಾಬಾದ್. ಗೊಂಡ ನಾಯಕನ ಹೆಸರೇ ಆ ಜಿಲ್ಲೆಗೆ.

— ಗೋದಾವರಿ ಅಂದರೆ ನಮ್ಮ ಬೀದರಿನ ಮಾಂಜ್ರಾ ಹೋಗಿ ಸೇರೋದೂ ಅಲ್ಲಿಗೇ.

— ಹ್ಞೂಂ. ಆ ಸೀಮೆಯ ಕೋಟಾ ಪದರ ಜುರಾಸಿಕ್ ಕಾಲದ್ದು. ಬಾರಾಪಾಸಾರಸ್ ಅನ್ನೋ ದೈತ್ಯ ಡೈನೊಸಾರ್ ಸಿಕ್ಕಿದ್ದೂ ಅದರಲ್ಲೇ. ಕೋಲ್ಕತಾದ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅದರ ಅಸ್ಥಿಪಂಜರ ನಿಲ್ಲಿಸಿದ್ದಾರೆ, ಎಲ್ಲರೂ ಅದನ್ನ ತಲೆಯೆತ್ತಿ ನೋಡ್ತಾರೆ. ನಮ್ಮ ಪ್ರಾಣಿ ಸಿಗಬೇಕಾದರೆ ತಲೆ ತಗ್ಗಿಸಬೇಕು. ಮಣ್ಣಿನಂಥ ಆ ಕಲ್ಲನ್ನ ಮೂಟೆಗಟ್ಟಲೆ ಹೊತ್ತು ತರೋದು, ನೀರಲ್ಲಿ ನೆನೆಹಾಕೋದು, ಜರಡಿಯಲ್ಲಿ ತೊಳೆಯೋದು. ಜರಡಿಯಲ್ಲಿ ಉಳಿದ ಗಸಿಯನ್ನ ಒಣಗಿಸಿ ತಟ್ಟೆಯಲ್ಲಿ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದೇ ಕಣ ಆರಿಸೋದು.

— ಅಕ್ಕಿಯಲ್ಲಿ ಕಲ್ಲು ಆರಿಸೋದು ಕೇಳಿದ್ದೆ. ನಿಮ್ಮದು ಕಲ್ಲಿನಲ್ಲಿ ಅಕ್ಕಿ.

— ಮೂರು ಗಂಟೆ ಕೂತರೆ ಕುತ್ತಿಗೆ ಹಿಡಿದುಕೊಳ್ಳುತ್ತೆ. ಮೀನಿನ ಹುರುಪೆ ಸಿಗುತ್ತೆ, ಮತ್ತೆ ಮೀನಿನ ಹುರುಪೆ, ಮತ್ತೂ ಅದೇ. ಯಾವಾಗಲೋ ಒಮ್ಮೆ ಕಂದು ಬಣ್ಣದ ಒಂದು ಚೂರು, ಅಂಚಿನಲ್ಲಿ ಮೂರು ತ್ರಿಕೋನ. ಹಲ್ಲಿಗೂ ಮೂಳೆಗೂ ನಡುವೆ ಗೆರೆ ಹುಡುಕ್ತೀವಿ. ಗೆರೆ ಇಲ್ಲ ಅಂದರೆ ಎದೆ ಹೊಡೆದುಕೊಳ್ಳುತ್ತೆ, ಬೆಸೆದ ಹಲ್ಲು ಅದು! ಪೈಕಾಸಿಗೂಡೆಂನ ಅಂಥ ಚೂರುಗಳಿಂದ 2001ರಲ್ಲಿ ಸೂಸನ್ ಎವನ್ಸ್, ಜಿ.ವಿ.ಆರ್. ಪ್ರಸಾದ್, ಮನ್‌ಹಾಸ್ ಮೂವರೂ ಸೇರಿ ಎರಡು ಪ್ರಾಣಿಗಳಿಗೆ ಹೆಸರಿಟ್ಟರು. ಒಂದು ಗೋದಾವರಿಸಾರಸ್. ಇನ್ನೊಂದು ಪಕ್ಕದ ರೆಬ್ಬನ ಊರಿನ ಹೆಸರಿನದು, ರೆಬ್ಬನಸಾರಸ್.

— ನಮ್ಮ ದೇಶದಲ್ಲೂ ಕೊಕ್ಕುತಲೆ! ಇದನ್ನ ಮೊದಲೇ ಹೇಳಬಾರದಾ? ಇಂಗ್ಲೆಂಡು ಕೆನಡಾ ಸುತ್ತಿಸಿಕೊಂಡು ಬಂದೆ.

— ವಕೀಲರ ಎದುರು ಸಾಕ್ಷಿಯನ್ನ ವರಸೆಯಲ್ಲೇ ಕರೀಬೇಕಲ್ಲ. ಆದರೆ ಅದೇ ಸೀಮೆಯಲ್ಲಿ ಸುಳ್ಳು ನೆಂಟನೂ ಒಬ್ಬ ಇದ್ದ, ಅವನದೂ ಕೇಳಿ. ಮಲೇರಿ ಪದರ, ಇನ್ನೂ ಹಳೆಯದು, ಟ್ರಯಾಸಿಕ್. ಹಂದಿಯ ಗಾತ್ರದ ಒಂದು ಸರೀಸೃಪ ಅಲ್ಲಿ ಬೇಕಾದಷ್ಟು ಸಿಗುತ್ತೆ. ಹೆಸರು ಹೈಪರೊಡಪೆಡಾನ್. ಅದೇ ಪ್ರಾಣಿಯನ್ನ ಸ್ಕಾಟ್ಲೆಂಡಿನ ಎಲ್ಗಿನ್ ಸೀಮೆಯ ಮರಳುಗಲ್ಲಿನಲ್ಲಿ ಮೊದಲು ಕಂಡು 1859ರಲ್ಲಿ ಹೆಸರಿಟ್ಟವನು ಥಾಮಸ್ ಹೆನ್ರಿ ಹಕ್ಸ್‌ಲಿ. ಅದಕ್ಕೂ ಮೂತಿಯಲ್ಲಿ ಕೊಕ್ಕು, ಮೇಲ್ದವಡೆಯ ಹಲ್ಲಿನ ಸಾಲುಗಳ ನಡುವೆ ತೋಡು, ಆ ತೋಡಿಗೆ ಕೂರೋ ಕೆಳದವಡೆ. ಟುವಾಟಾರದ ಅಣ್ಣತಮ್ಮ ಅಂತ ನೂರು ವರ್ಷಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳಲ್ಲಿ ಬರೆದರು. 1980ರ ದಶಕದಲ್ಲಿ ಮೂಳೆಗಳನ್ನ ಕೂಲಂಕಷವಾಗಿ ಹೋಲಿಸಿ ನೋಡಿದರೆ ಅದು ಮೊಸಳೆ, ಡೈನೊಸಾರ್‌ಗಳ ಕಡೆಯ ಕವಲು. ಕೊಕ್ಕಿನ ಹೋಲಿಕೆ ನಂಬಿ ವಂಶವೃಕ್ಷ ಬರೆದದ್ದರ ಫಲ ಅದು.

— ದತ್ತು ಪತ್ರವೂ ಇಲ್ಲದ ವಾರಸುದಾರ. ಇಂಥ ಕೇಸು ಇನ್ನೂ ಇದೆಯಾ?

— ಒಂದಿದೆ, ನಿಮಗೆ ಖುಷಿಯಾಗೋ ಅಂಥದ್ದು. 2006ರಲ್ಲಿ ಮಧ್ಯಪ್ರದೇಶದ ಟಿಕಿ ಪದರದಿಂದ ಒಂದು ಪುಟ್ಟ ಕೆಳದವಡೆಯ ವರದಿ ಬಂತು. ಹಲ್ಲು ಬೆಸೆದ ದವಡೆ, ಆದರೆ ಕೊಕ್ಕುತಲೆಯದಲ್ಲ, ಓತಿಯ ಬಳಗದ್ದು. ಹಲ್ಲು ಮೂಳೆಗೆ ಬೆಸೆಯೋ ಚಾಳಿ ಓತಿಗಳಿಗೂ ಇದೆ ನೋಡಿ. ಟಿಕಿ ಪದರಕ್ಕೆ 20 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಹಾಗಾದರೆ ಇದು ಜಗತ್ತಿನ ಅತ್ಯಂತ ಹಳೆಯ ಹಲ್ಲಿ! ಟಿಕಿಗ್ವಾನಿಯ ಅಂತ ಹೆಸರಿಟ್ಟರು. ಹಲ್ಲಿಗಳ ಚರಿತ್ರೆಯ ಲೆಕ್ಕವನ್ನೆಲ್ಲ ಅದಕ್ಕೆ ತಕ್ಕಂತೆ ಹಿಂದಕ್ಕೆ ತಳ್ಳೋಕೆ ಶುರುಮಾಡಿದರು. 2012ರಲ್ಲಿ ಆಸ್ಟ್ರೇಲಿಯಾದವರು ಕೂತು ಇಂದಿನ ಓತಿಗಳ ದವಡೆಗಳ ಪಕ್ಕ ಅದನ್ನ ಇಟ್ಟು ನೋಡಿದರು. ವ್ಯತ್ಯಾಸವೇ ಇಲ್ಲ.

— ಅಂದರೆ?

— ಅಂದರೆ ಮೊನ್ನೆ ಮೊನ್ನೆ ಸತ್ತ ಯಾವುದೋ ಓತಿಯ ದವಡೆ ಹಳೇ ಕಲ್ಲಿನ ಮಣ್ಣಿಗೆ ಸೇರಿಕೊಂಡಿರಬೇಕು ಅಂತ ಅವರ ತೀರ್ಮಾನ. ನಮ್ಮ ಬೇಲಿ ಓತಿ, ಪಶ್ಚಿಮಘಟ್ಟದ ಹಾರುವ ಓತಿ, ಇವೆಲ್ಲ ಸೇರೋ ಗುಂಪಿನದೇ ಅದು.

— ಹಾರುವ ಓತಿಯಾ? ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಎಲ್ಲರೂ ಕಾಡು ಸುತ್ತಿ ಹುಡುಕಿಕೊಂಡು ಹೋಗೋದು ಅದನ್ನೇ ಅಲ್ವಾ! ಟಿಕಿಯಲ್ಲಿ ಹುಡುಕದೇನೇ ಬಂದು ಕೂತಿತ್ತು ಅನ್ನು.

— ನಗಬೇಡಿ, ನಮಗೆ ಅದು ನಗೋ ವಿಷಯ ಅಲ್ಲ. ಮೇಲ್ಮೈಯಲ್ಲಿ ಸಿಕ್ಕಿದ ಚೂರನ್ನ ನೋಡಿದಾಗೆಲ್ಲ ಆ ಟಿಕಿ ದವಡೆ ನೆನಪಾಗುತ್ತೆ.

— ಸಾಕ್ಷಿ ತಿರುಗಿಬಿದ್ದಾಗ ವಕೀಲನಿಗೆ ಏನಾಗುತ್ತೆ ಅಂತ ನನಗೆ ಗೊತ್ತು, ಬಿಡು. ಈಗ ಇದನ್ನ ಹೇಳು. 25 ಕೋಟಿ ವರ್ಷದಿಂದ ಒಂದೇ ಥರ ಇದೆಯಂತಲ್ಲ ಈ ನಿನ್ನ ಟುವಾಟಾರ. ಜೀವಂತ ಪಳೆಯುಳಿಕೆ ಅಂತ ಬರೀತಾರೆ.

— ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಒಂದೇ ಥರ ಇದ್ದಿದ್ದರೆ ಈ ಬಳಗ ಇಷ್ಟು ವೇಷ ಹಾಕ್ತಿರಲಿಲ್ಲ. ಜರ್ಮನಿಯ ಸೋಲ್ನ್‌ಹೋಫೆನ್ ಸುಣ್ಣಕಲ್ಲಿನಲ್ಲಿ ಪ್ಲೂರೊಸಾರಸ್ ಅಂತ ಸಿಗುತ್ತೆ. ಹಾವುಮೀನಿನ ಹಾಗೆ ಉದ್ದ ಮೈ, ಮೋಟು ಕೈಕಾಲು, ಸಮುದ್ರದಲ್ಲಿ ಈಜಿಕೊಂಡಿದ್ದ ಕೊಕ್ಕುತಲೆ ಅದು. ಮೆಕ್ಸಿಕೊದ ಒಂದಕ್ಕೆ ಹಲ್ಲಿನ ಮೇಲೆ ಕಾಲುವೆಯಂಥ ಗೀರು, ವಿಷ ಹರಿಯೋಕೆ ಇರಬಹುದು ಅಂತ ಊಹೆ. ಇನ್ನು ಅರ್ಜೆಂಟೀನಾದ ಪ್ರಿಯೊಸ್ಫೆನೊಡಾನ್ ಸೊಪ್ಪು ಸದೆ ಜಗಿದು ಬದುಕ್ತಿದ್ದದ್ದು, ಒಂದು ಮೀಟರ್ ಉದ್ದ.

— ಟುವಾಟಾರ ಎಷ್ಟುದ್ದ?

— ಬಾಲ ಸೇರಿ ಅರವತ್ತು ಸೆಂಟಿಮೀಟರ್ ಆಸುಪಾಸು. ಅದೂ ಗಂಡು. ಇನ್ನೊಂದು ಕೇಳಿ. ಟುವಾಟಾರದ ಕಪಾಲದಲ್ಲಿ ಕೆನ್ನೆಯ ಕೆಳಗೆ ಒಂದು ಮೂಳೆಯ ಪಟ್ಟಿ ಹಾದುಹೋಗಿದೆ. ಹಲ್ಲಿಗಳಿಗೆ ಆ ಪಟ್ಟಿ ಇಲ್ಲ. ಅತಿ ಹಳೆಯ ಸರೀಸೃಪಗಳಿಗೆ ಇತ್ತು. ಹಾಗಾಗಿ, ನೋಡಿ, ಇದು ಹಳೇ ಕಟ್ಟಡವನ್ನ ಹಾಗೇ ಉಳಿಸಿಕೊಂಡಿದೆ, ಬದಲಾಗೇ ಇಲ್ಲ ಅಂತಿದ್ದರು. ವೇಲ್ಸ್‌ನಲ್ಲಿ ಸಿಕ್ಕಿದ ಗೆಫಿರೊಸಾರಸ್ ಅನ್ನೋದನ್ನ 1980ರಲ್ಲಿ ಇದೇ ಸೂಸನ್ ಎವನ್ಸ್ ಬಿಡಿಸಿ ಬರೆದರು. ಈ ಬಳಗದ ಬುಡಕ್ಕೆ ಸೇರೋ ಪ್ರಾಣಿ ಅದು. ಅದಕ್ಕೆ ಆ ಪಟ್ಟಿ ಪೂರ್ತಿ ಇಲ್ಲ. ಕ್ಲೆವೊಸಾರಸ್‌ಗೂ ಇಲ್ಲ.

— ಅಂದರೆ ಅಜ್ಜ ಕೆಡವಿದ ಗೋಡೆಯನ್ನ ಮೊಮ್ಮಗ ಮತ್ತೆ ಕಟ್ಟಿಸಿದ.

— ಸರಿಯಾಗಿ ಹೇಳಿದಿರಿ. ಮೊಮ್ಮಗನ ಗೋಡೆ ನೋಡಿ ಜನ ಮುತ್ತಾತನ ಕಾಲದ್ದು ಅಂದುಕೊಂಡರು. ಆದರೆ ಇನ್ನೊಂದು ಕಡೆಯ ವಾದವನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಆಮೇಲೆ ನೀವೇ ಹಿಡೀತೀರಿ. 2022ರಲ್ಲಿ ಅಮೆರಿಕದ ಅರಿಜೋನಾದಿಂದ ನವಾಹೊಸ್ಫೆನೊಡಾನ್ ಅಂತ ಒಂದರ ವಿವರ ಬಂತು. ನವಾಹೊ ಜನರ ನೆಲದಲ್ಲಿ ಸಿಕ್ಕಿದ್ದು, ಸುಮಾರು 19 ಕೋಟಿ ವರ್ಷ ಹಳೆಯದು. ಅದರಲ್ಲಿ ಆ ಪಟ್ಟಿ ಪೂರ್ತಿ ಇದೆ. ದವಡೆ, ಕಪಾಲ ಎಲ್ಲ ಟುವಾಟಾರದ ಅಚ್ಚು. ಅಂದರೆ ಟುವಾಟಾರದ ಕವಲು ಮಾತ್ರ ಒಂದು ಸಲ ಅಂಥ ಆಕಾರಕ್ಕೆ ಬಂದಮೇಲೆ ಹೆಚ್ಚು ಅಲುಗಲಿಲ್ಲ. ಬದಲಾಗದೆ ನಿಂತದ್ದು ಒಂದು ಮನೆ. ಬೇರೆ ಮನೆಗಳವರು ಈಜಿದರು, ಸೊಪ್ಪು ಮೇಯ್ದರು. ಉಳಿದದ್ದು ನಿಂತವನ ಮನೆ ಆದ್ದರಿಂದ ಇಡೀ ಕೇರಿಯೇ ಹಾಗಿತ್ತು ಅಂತ ನಾವು ಭಾವಿಸೋದು.

— ಇದು ಕೇಸಿನ ತಿರುಳು. ಉಳಿದವನನ್ನ ನೋಡಿ ಹೋದವರ ಮೇಲೆ ತೀರ್ಪು ಕೊಡೋದು. ಹಳ್ಳಿಯಲ್ಲೂ ಹಾಗೇ. ಕೊನೆಗೆ ಹಳೇಮನೆಯಲ್ಲಿ ಒಬ್ಬ ಮುದುಕ ಉಳೀತಾನೆ, ಅವನೇ ಮೂಲಪುರುಷ ಅಂತ ಹುಡುಗರು ಅಂದುಕೊಳ್ತಾರೆ. ನೋಡಿದರೆ ಅವನು ಎಲ್ಲಿಂದಲೋ ಬಂದ ಮೂರನೇ ಹೆಂಡತಿಯ ಕಡೆಯವನು.

— ವಿಳಾಸದ ವಿಷಯದಲ್ಲೂ ಇದೇ ತಪ್ಪು. ಟುವಾಟಾರ ನ್ಯೂಜಿಲೆಂಡಿನ ಪ್ರಾಣಿ ಅಂತೀವಿ. ಆದರೆ ಈ ಬಳಗದ ಅತಿ ಹಳೆಯ ಗುರುತುಗಳಲ್ಲಿ ಒಂದು ಜರ್ಮನಿಯ ಫೆಲ್‌ಬರ್ಗ್‌ನ ದವಡೆ, ಸುಮಾರು 24 ಕೋಟಿ ವರ್ಷದ್ದು. ನ್ಯೂಜಿಲೆಂಡು ಅವುಗಳ ತವರಲ್ಲ, ಕೊನೆಯ ಮನೆ.

— ಸರಿ, ಹಾಗಾದರೆ ಬೇರೆ ಕಡೆಯವರನ್ನ ಒಕ್ಕಲೆಬ್ಬಿಸಿದವರು ಯಾರು? ಹಲ್ಲಿಗಳಾ?

— ಹಳೇ ಪುಸ್ತಕಗಳಲ್ಲಿ ಹಾಗೇ ಇತ್ತು. ಹಲ್ಲಿಗಳು ಬಂದವು, ಸಸ್ತನಿಗಳು ಬಂದವು, ಇವು ಸೋತು ಹಿಮ್ಮೆಟ್ಟಿದವು ಅಂತ. ಉತ್ತರದ ಭೂಭಾಗಗಳಲ್ಲಿ ಸುಮಾರು 10 ಕೋಟಿ ವರ್ಷಗಳ ಆಸುಪಾಸಿಗೆ ಇವುಗಳ ಸುಳಿವು ನಿಲ್ಲೋದೂ ನಿಜ. ಆದರೆ ಪ್ಯಾಟಗೋನಿಯಾದಲ್ಲಿ ಲಾ ಬುಯಿಟ್ರೆರಾ ಅಂತ ಕೆಂಪು ಮರಳುಗಲ್ಲಿನ ಒಂದು ಜಾಗ ಇದೆ. ಹೆಚ್ಚುಕಡಿಮೆ 9.5 ಕೋಟಿ ವರ್ಷ ಹಳೆಯದು. ಸೊಪ್ಪು ತಿನ್ನೋ ಪ್ರಿಯೊಸ್ಫೆನೊಡಾನ್ ಅಂದೆನಲ್ಲ, ಅದು ಅಲ್ಲಿಯದು. ಸೆಬಾಸ್ಟಿಯನ್ ಅಪೆಸ್ಟೆಗಿಯಾ, ಫೆರ್ನಾಂಡೊ ನೊವಾಸ್ 2003ರಲ್ಲಿ ಬರೆದದ್ದು. ಆ ಜಾಗದಲ್ಲಿ ನಾಲ್ಕು ಕಾಲಿನ ಪ್ರಾಣಿಗಳ ಪೈಕಿ ಅತಿ ಹೆಚ್ಚು ಸಿಗೋದೇ ಅದು. ಸೋತು ಮೂಲೆ ಸೇರಿದವರ ಲಕ್ಷಣವೇ ಅದು? ಬೀದಿ ತುಂಬ ಅವರೇ. ಅಂದಮೇಲೆ ಹಲ್ಲಿ ಬಂತು, ಇವು ಓಡಿದವು ಅನ್ನೋ ಸರಳ ಕಥೆ ದಕ್ಷಿಣಕ್ಕೆ ಹೊಂದಲ್ಲ.

— ಡೈನೊಸಾರ್‌ಗಳ ಜೊತೆಗೇ ಹೋದವಾ?

— ನಾವೂ ಹಾಗಂದುಕೊಂಡಿದ್ದೆವು. 2014ರಲ್ಲಿ ಅದೇ ಪ್ಯಾಟಗೋನಿಯಾದ ಪುಂಟಾ ಪೆಲಿಗ್ರೊದಿಂದ ಕಾವಸ್ಫೆನೊಡಾನ್‌ನ ದವಡೆ ವರದಿಯಾಯ್ತು. ಡೈನೊಸಾರ್‌ಗಳು 6.6 ಕೋಟಿ ವರ್ಷದ ಹಿಂದೆ ಅಳಿದವಲ್ಲ, ಈ ದವಡೆ ಅದಾದ ನಂತರದ ಪದರದ್ದು. ಆ ಪ್ರಳಯವನ್ನ ದಾಟಿ ಬದುಕಿತ್ತು.

— ‘ಸಿಕ್ಕಿಲ್ಲ’ ಅನ್ನೋದನ್ನ ‘ಇರಲಿಲ್ಲ’ ಅಂತ ಬರೆದರೆ ಹೀಗೇ ಆಗೋದು. ನಾನು ಮೇಲ್ಮನವಿಯಲ್ಲಿ ಎಷ್ಟು ಕೇಸು ಗೆದ್ದಿಲ್ಲ ಅದೊಂದರಿಂದ! ಹೋಗಲಿ, ನ್ಯೂಜಿಲೆಂಡಿಗೆ ಯಾವಾಗ ಹೋಯ್ತು? ಅದಕ್ಕಾದರೂ ದಾಖಲೆ ಇದೆಯಾ?

— ಇರೋದು ಸ್ವಲ್ಪ. ನ್ಯೂಜಿಲೆಂಡಿನ ಜಮೀನು ಗೊಂಡ್ವಾನಾದಿಂದ ಕಳಚಿಕೊಂಡದ್ದು ಸುಮಾರು 8 ಕೋಟಿ ವರ್ಷದ ಹಿಂದೆ. ದೊಡ್ಡ ಪಾಲೇ ಸಿಕ್ಕಿತ್ತು, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಆಮೇಲೆ ನೀರಿಗೆ ಹೋಯ್ತು. ಸುಮಾರು 2.5 ಕೋಟಿ ವರ್ಷದ ಹಿಂದೆ ಉಳಿದದ್ದೂ ಪೂರ್ತಿ ಮುಳುಗಿತು ಅಂತ ಒಂದು ವಾದ. ಪೂರ್ತಿ ಮುಳುಗಿದ್ದರೆ ಟುವಾಟಾರ ಅಲ್ಲಿ ಹೇಗೆ ಉಳೀತು? ಆಮೇಲೆ ಯಾವುದೋ ಮರದ ದಿಮ್ಮಿ ಹತ್ತಿ ತೇಲಿಕೊಂಡು ಬಂದಿರಬೇಕು.

— ಎಲ್ಲಿಂದ?

— ಅದೇ ಪ್ರಶ್ನೆ. ಆಗ ಅದರ ಬಳಗದವರು ಬೇರೆ ಕಡೆ ಇದ್ದ ಗುರುತೇ ಇಲ್ಲ. ದಕ್ಷಿಣ ದ್ವೀಪದ ಒಟಾಗೊ ಪ್ರಾಂತ್ಯದಲ್ಲಿ ಸೇಂಟ್ ಬಾಥನ್ಸ್ ಅಂತ ಊರು, ಅಲ್ಲಿ ಹಿಂದೆ ದೊಡ್ಡ ಸರೋವರ ಇತ್ತು. ಅದರ ತಳದ ಕೆಸರಿನಲ್ಲಿ ಸಿಕ್ಕಿದ ದವಡೆ ಚೂರುಗಳ ವರದಿ 2009ರಲ್ಲಿ ಬಂತು. 1.9ರಿಂದ 1.6 ಕೋಟಿ ವರ್ಷದ ನಡುವಿನವು, ಹೆಚ್ಚುಕಡಿಮೆ ಇವತ್ತಿನ ಟುವಾಟಾರದ್ದೇ ಹಲ್ಲು. ಮುಳುಗಡೆಯ ಕಾಲಕ್ಕೆ ಅಷ್ಟು ಹತ್ತಿರದಲ್ಲೇ ಇವು ಅಲ್ಲಿ ಇದ್ದವು ಅಂದಮೇಲೆ, ಕಾಲಿಡೋಕೆ ಒಂದಿಷ್ಟು ಒಣನೆಲ ಉಳಿದಿತ್ತು ಅಂತ ನನಗನ್ನಿಸುತ್ತೆ.

— ಅನ್ನಿಸಿದ್ದು ಸಾಕ್ಷಿಯಲ್ಲ. 8 ಕೋಟಿಯಿಂದ 1.9 ಕೋಟಿವರೆಗೆ ಪಹಣಿಯಲ್ಲಿ ಏನಿದೆ?

— ಖಾಲಿ.

— ಆರು ಕೋಟಿ ವರ್ಷ ಅನುಭೋಗದ ಕಾಲಂ ಖಾಲಿ! ಆದರೂ ಜಮೀನು ಅದರದ್ದೇ ಅಂತೀಯ.

— ಇನ್ಯಾರೂ ಹಕ್ಕು ಹೇಳಿಕೊಂಡು ಬಂದಿಲ್ಲವಲ್ಲ ಮಾವ. ಬಂದಾಗ ನೋಡೋಣ. ಒಟಾಗೊದಲ್ಲಿ ಇನ್ನೂ ಜರಡಿ ಹಿಡೀತಾನೇ ಇದ್ದಾರೆ.

— ಜಾಣೆ. ಆಯ್ತು, ಅಲ್ಲಿಂದ ಇವತ್ತಿನವರೆಗೆ ಸುಖವಾಗಿತ್ತು ಅನ್ನು.

— ಸುಮಾರು 750 ವರ್ಷದ ಹಿಂದಿನವರೆಗೆ. ದೋಣಿಗಳಲ್ಲಿ ಪಾಲಿನೇಷಿಯಾದಿಂದ ಮನುಷ್ಯರು ಬಂದರು, ಜೊತೆಗೆ ಇಲಿ ಬಂತು. ಟುವಾಟಾರದ ಮೊಟ್ಟೆ ಒಡೆಯೋಕೆ ಹನ್ನೊಂದರಿಂದ ಹದಿನಾರು ತಿಂಗಳು ಬೇಕು. ಅಷ್ಟು ದಿನ ಮಣ್ಣಲ್ಲಿ ಬಿದ್ದಿರೋ ಮೊಟ್ಟೆಯನ್ನ ಇಲಿ ಬಿಡುತ್ತಾ? ಮರಿಯನ್ನ ಬಿಡುತ್ತಾ? ಮುಖ್ಯ ದ್ವೀಪಗಳಿಂದ ಪೂರ್ತಿ ಹೋಯ್ತು. ಹೆಚ್ಚಾಗಿ ಇಲಿ ಮುಟ್ಟದ ಸುಮಾರು ಮೂವತ್ತು ಪುಟ್ಟ ದ್ವೀಪಗಳಲ್ಲಿ ಉಳೀತು. ಕಾನೂನಿನ ರಕ್ಷಣೆ ಸಿಕ್ಕಿದ್ದು 1895ರಲ್ಲಿ.

— ಪ್ಯಾಂಜಿಯಾದಿಂದ ಮೂವತ್ತು ನಡುಗಡ್ಡೆಗೆ. ನಮ್ಮ ಅಪ್ಪನ ನಲವತ್ತು ಎಕರೆ ನನ್ನ ಈ ಹಿತ್ತಲಿಗೆ ಬಂದು ನಿಂತ ಹಾಗೆ. ಮತ್ತೆ ನೀನು ಫೋಟೊ ತೆಗೆದದ್ದು ನಡುಗಡ್ಡೆಯಲ್ಲಾ?

— ಅಲ್ಲ, ವೆಲಿಂಗ್ಟನ್ ಊರೊಳಗೇ. ಝೀಲ್ಯಾಂಡಿಯಾ ಅಂತ ಒಂದು ಕಣಿವೆ, ಸುತ್ತ ಬೇಲಿ ಹಾಕಿದ್ದಾರೆ. 8.6 ಕಿಲೋಮೀಟರ್ ಉದ್ದ, 1999ರಲ್ಲಿ ಮುಗಿದದ್ದು. ಆಳೆತ್ತರಕ್ಕಿಂತ ಮೇಲಿದೆ. ಬೆಕ್ಕು ಹತ್ತದ ಹಾಗೆ ತುದಿಯನ್ನ ಮಡಿಸಿದ್ದಾರೆ, ಇಲಿ ಕೊರೆಯದ ಹಾಗೆ ಬುಡದಲ್ಲಿ ಬಲೆಯನ್ನ ನೆಲದೊಳಕ್ಕೆ ಇಳಿಸಿದ್ದಾರೆ. 2005ರಲ್ಲಿ ಒಳಗೆ ಟುವಾಟಾರ ತಂದು ಬಿಟ್ಟರು. 2009ರಲ್ಲಿ ಕೆಲಸದವರಿಗೆ ಒಂದು ಮರಿ ಕಾಣಿಸಿತು. ಮುಖ್ಯ ದ್ವೀಪದ ಕಾಡಿನಲ್ಲಿ ಇನ್ನೂರು ವರ್ಷದಲ್ಲಿ ಹುಟ್ಟಿದ ಮೊದಲ ಮರಿ ಅದು ಅಂತ ಎಲ್ಲ ಕಡೆ ಸುದ್ದಿ.

— ಒಟ್ಟಿನಲ್ಲಿ ಬೇಲಿಗೇ ಬಂದೆ ನೀನು. ಇಷ್ಟೆಲ್ಲ ಸುತ್ತಿಸಿ.

— ನಾನೂ ಅಲ್ಲಿ ನಿಂತಾಗ ನಿಮ್ಮ ಗಾದೆಯನ್ನೇ ನೆನೆಸಿಕೊಂಡೆ. ಸುಮಾರು ಹೊತ್ತು ನಿಂತಿದ್ದೆ. ಅದು ಬಿಲದ ಬಾಯಲ್ಲಿ ಕೂತಿತ್ತು, ಒಂದು ಸಲವೂ ಅಲುಗಲಿಲ್ಲ. ತಣ್ಣಗಿತ್ತು, ಸಣ್ಣ ಮಳೆ. ಅಂಥ ಚಳಿಯಲ್ಲಿ ನಿಮ್ಮ ಓತಿ ಹೊರಗೇ ಬರಲ್ಲ. ಇದಕ್ಕೆ ಚಳಿಯೇ ಹಿತ, ಬಿಸಿ ಆಗಲ್ಲ. ಮಣ್ಣು ಇಪ್ಪತ್ತೆರಡು ಡಿಗ್ರಿ ದಾಟಿದರೆ ಮೊಟ್ಟೆಯಲ್ಲಿ ಬರೋದೆಲ್ಲ ಗಂಡೇ.

— ಗಂಡೇ ಆದರೆ ವಂಶ ಅಲ್ಲಿಗೆ ಮುಗೀತು. ಆ ಬೇಲಿಯನ್ನ ಇಲಿ ನಿಜವಾಗಿ ದಾಟಲ್ವಾ?

— ದೊಡ್ಡ ಇಲಿ ದಾಟಲ್ಲ. ಚಿಕ್ಕ ಇಲಿಯನ್ನ ಪೂರ್ತಿ ತೊಲಗಿಸೋಕೆ ಆಗಿಲ್ಲ. ಅಂದಹಾಗೆ ಮಾವ, ನಿಮ್ಮ ಗೂಟದ ಮೇಲೆ ಓತಿ ಇಲ್ಲ.

— ಎಲ್ಲಿ ಹೋಗುತ್ತೆ, ಬರುತ್ತೆ ಬಿಡು. ತಾಳು, ಅಲ್ಲೇನದು ದಾಸವಾಳದ ಬುಡದಲ್ಲಿ? ಪಕ್ಕದ ಮನೆ ಬೆಕ್ಕು! ಓಡಿಸು ಅದನ್ನ ಮೊದಲು, ಕೋಲು ಬಾಗಿಲ ಹಿಂದಿದೆ.